ಕ್ವಾಯ್ ನದಿಗೆ ಬಿದ್ದ ಇಷ್ಟಲಿಂಗ

ಯಾರಾದರೂ ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, "ನಂಬ್ರಿ ಬಿಡ್ರಿ, ನನಗೊಂದು ಅನುಭವ ಆಗೈತಿ" ಎಂದು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಹುಣಸೆಮರದ ದೆವ್ವ, ಕನಸಿನಲ್ಲಿ ಬಂದ ಸತ್ತ ಅಜ್ಜ, ಮೈಮೇಲೆ ಬಂದ ದೇವರು, ಯಾವುದನ್ನೂ ನಾನು ಪೂರ್ತಿ ಕೇಳಿದವನಲ್ಲ. ನಡುವೆ ಎದ್ದು ಚಹಾ ಕುಡಿಯಲು ಹೋಗುವುದು ನನ್ನ ಚಾಳಿ. ಈಗ ಅಂಥದ್ದೇ ಒಂದನ್ನು ನಾನೇ ಬರೆಯಲು ಕೂತಿದ್ದೇನೆ. ನೀವು ನಡುವೆ ಎದ್ದು ಹೋದರೆ ನನ್ನ ತಕರಾರಿಲ್ಲ. ಇಳಕಲ್ಲಿನಲ್ಲಿ ಈ ಸಂಗತಿ ಬಾಯಿಂದ ಬಾಯಿಗೆ ಬೆಳೆದು ಅಸಹ್ಯವಾಗಿಬಿಟ್ಟಿದೆ. ನಡೆದದ್ದನ್ನು ನಡೆದಷ್ಟೇ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ, ಅಷ್ಟೇ.

ನನ್ನ ಸೋದರತ್ತೆ ನೀಲವ್ವ ಇಳಕಲ್ಲಿನವಳು. ಗಂಡ ತೀರಿದ ಮೇಲೆ ಸೀರೆ ಅಂಗಡಿಯನ್ನು ಒಬ್ಬಳೇ ನಡೆಸಿದವಳು. ನನ್ನ ತಾಯಿ ನಾನು ಸಣ್ಣವನಿದ್ದಾಗಲೇ ಹೋದಳು, ನನ್ನನ್ನು ಸಾಕಿದ್ದು ಈ ಅತ್ತೆ. ಗಿರಾಕಿಯ ಮುಖ ನೋಡಿ ಎಷ್ಟು ಹೊತ್ತು ಚೌಕಾಸಿ ಮಾಡುತ್ತಾನೆಂದು ಹೇಳಬಲ್ಲವಳು, ಯಾರಿಗೂ ಸೊಪ್ಪು ಹಾಕುವವಳಲ್ಲ. ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆ ಬಂದು ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಒಮ್ಮೆಯಾದರೂ ವಿಮಾನ ಹತ್ತಬೇಕು ಎಂಬ ಅವಳ ಆಸೆಗಾಗಿ, ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯವರೇ ಸೇರಿದ್ದ ಒಂದು ಥೈಲ್ಯಾಂಡ್ ಟೂರಿಗೆ ಅವಳನ್ನು ಕರೆದುಕೊಂಡು ಹೋದೆ.

ಹೊರಡುವ ಮೊದಲೇ ಒಂದು ತಪ್ಪು ನಡೆದಿತ್ತು. ಅತ್ತೆಯ ಕೊರಳಲ್ಲಿ ಇಷ್ಟಲಿಂಗ ಇರುವುದು ಕರಡಿಗೆ ಎಂಬ ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿ. ಪಕ್ಕದ ಮನೆಯವಳು ಯಾರೋ, ವಿಮಾನ ನಿಲ್ದಾಣದಲ್ಲಿ ಬೆಳ್ಳಿ ಕಂಡರೆ ಬಿಚ್ಚಿಸುತ್ತಾರೆ, ಚಪ್ಪಲಿ ಬೆಲ್ಟುಗಳ ಜೊತೆ ಒಂದೇ ಬುಟ್ಟಿಯಲ್ಲಿ ಹಾಕಿಸುತ್ತಾರೆ ಎಂದು ಹೆದರಿಸಿದ್ದಳು. ಚಪ್ಪಲಿಯ ಜೊತೆ ಲಿಂಗ! ಅತ್ತೆ ಕರಡಿಗೆಯನ್ನು ಮನೆಯ ತಿಜೋರಿಯಲ್ಲಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ದಾರದಲ್ಲಿ ಕೊರಳಿಗೆ ಹಾಕಿಕೊಂಡು ಬಂದಿದ್ದಳು. ಲೋಹವಿಲ್ಲದ್ದರಿಂದ ಎಲ್ಲಿಯೂ ಯಾರೂ ತಡೆಯಲಿಲ್ಲ, ಅವಳಿಗೆ ದೊಡ್ಡ ಗೆಲುವಾದಂತಾಯಿತು.

ಕಾಂಚನಬುರಿ ಎಂಬ ಊರಿನಲ್ಲಿ ಕ್ವಾಯ್ ನದಿಗೆ ಅಡ್ಡವಾಗಿ ಒಂದು ರೈಲು ಸೇತುವೆ ಇದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಥೈಲ್ಯಾಂಡಿನಿಂದ ಬರ್ಮಾಕ್ಕೆ ರೈಲು ದಾರಿ ಹಾಕಿಸಿತು. ಹಾಕಿದವರು ಸೆರೆಸಿಕ್ಕ ಇಂಗ್ಲಿಷ್, ಡಚ್, ಆಸ್ಟ್ರೇಲಿಯಾ ಸೈನಿಕರು. ಅವರ ಜೊತೆ ಮಲಯದ ರಬ್ಬರ್ ತೋಟಗಳಿಂದ ಎಳೆದು ತಂದ ತಮಿಳು ಕೂಲಿಗಳು, ಬರ್ಮಾದವರು, ಜಾವಾದವರು. ಅನ್ನವಿಲ್ಲದೆ, ಕಾಲರಾದಿಂದ, ಕೊಳೆತ ಹುಣ್ಣುಗಳಿಂದ ಹುಳುಗಳ ಹಾಗೆ ಸತ್ತರು. ಇಷ್ಟನ್ನು ನಾನು ಹೋಗುವ ಮೊದಲೇ ಓದಿಕೊಂಡಿದ್ದೆ. ಅದೇ ತಪ್ಪಾಯಿತೋ ಏನೋ. ಓದದೆ ಹೋಗಿದ್ದರೆ ಉಳಿದವರ ಹಾಗೆ ನಾನೂ ಖುಷಿಯಾಗಿರುತ್ತಿದ್ದೆ.

ಮೊದಲು ಸೈನಿಕರ ಸ್ಮಶಾನಕ್ಕೆ ಕರೆದೊಯ್ದರು. ಹಸಿರು ಹುಲ್ಲು, ಸಾಲಾಗಿ ಕಲ್ಲುಗಳು, ಪ್ರತಿ ಕಲ್ಲಿನ ಮೇಲೆ ಹೆಸರು, ವಯಸ್ಸು. ಅದರ ಮುಂದೆ ನಮ್ಮವರು ಕಾಲು ಚಾಚಿ ಕೂತು ಫೋಟೊ ತೆಗೆಸಿಕೊಂಡರು. ಕೂಲಿಗಳ ಗೋರಿಗಳೆಲ್ಲಿ ಎಂದು ಅಲ್ಲಿಯ ಗೈಡನನ್ನು ಕೇಳಿದೆ. ಮುರುಕು ಹಿಂದಿಯಲ್ಲಿ ಜೋಕು ಹೇಳಿ ನಗಿಸುತ್ತಿದ್ದ ಆತ, ಕೈಯನ್ನು ಸುಮ್ಮನೆ ಊರಿನ ಸುತ್ತ ಒಮ್ಮೆ ಆಡಿಸಿ, "ಎಲ್ಲೆಲ್ಲೂ" ಎಂದು ನಕ್ಕ. ನಮ್ಮವರಲ್ಲಿ ಒಂದಿಬ್ಬರು ಅವನ ಜೊತೆ ನಕ್ಕರು.

ಸೇತುವೆಯ ಹತ್ತಿರ ಹೋದ ಮೇಲಂತೂ ನನಗೆ ವಾಕರಿಕೆ ಶುರುವಾಯಿತು. ಅದು ಜಾತ್ರೆಯಾಗಿತ್ತು. ಸೇತುವೆಯ ಚಿತ್ರವಿರುವ ಬನಿಯನ್ನು, ಆಟಿಕೆಯ ರೈಲು, ಐಸ್‌ಕ್ರೀಮು, ಹರಳಿನ ಅಂಗಡಿ. ಸೇತುವೆಯ ಬುಡದಲ್ಲೇ ನೀರಿನ ಮೇಲೆ ತೇಲುವ ಹೋಟೆಲು. ಅದರೊಳಗಿಂದ ಎದೆ ಬಡಿಯುವಂಥ ಹಾಡು, ಕರಿದ ಮೀನಿನ ವಾಸನೆ. ಹೊಟ್ಟೆಗಿಲ್ಲದೆ ಜನ ಸತ್ತ ಜಾಗದಲ್ಲಿ, ಬೇಕಾದಷ್ಟು ತಿನ್ನಿ ಎಂಬ ಫಲಕ. ನಮ್ಮ ಟೂರ್ ಮ್ಯಾನೇಜರ್, ಹುಬ್ಬಳ್ಳಿಯ ಕಡೆಯ ಗಟ್ಟಿ ಗಂಟಲಿನವನು, ಹೋಟೆಲಿನ ಒಂದು ಮೂಲೆಯಲ್ಲಿ ನಮಗೆ ಸಸ್ಯಾಹಾರದ ಊಟ ಹೇಳಿಸಿದ್ದ. "ಊಟ ತಯಾರೈತ್ರಿ, ಇಳದ ಕೂಡಲೇ ಕೂಡ್ರೂದು" ಎಂದು ಬಸ್ಸಿನಲ್ಲೇ ಕೂಗಿದ್ದರಿಂದ ಅತ್ತೆ ಸೀಟಿನಲ್ಲೇ ಇನ್ಸುಲಿನ್ ಚುಚ್ಚಿಕೊಂಡಳು. ಇಳಿದ ಮೇಲೆ ಅವನ ಮಾತು ಬದಲಾಯಿತು. ರೈಲು ಬರುವ ಹೊತ್ತಾಗಿದೆ, ಮೊದಲು ಸೇತುವೆಯ ಮೇಲೆ ಫೋಟೊ, ಊಟ ಆಮೇಲೆ ಎಂದ.

ಸೇತುವೆಯ ಮೇಲೆ ಯಾರು ಬೇಕಾದರೂ ನಡೆಯಬಹುದು. ಹಳಿಗಳ ನಡುವೆ ಹಲಗೆ ಹಾಸಿದ್ದಾರೆ, ಪಕ್ಕದ ಸಂದುಗಳಲ್ಲಿ ಕೆಳಗಿನ ಕಂದು ನೀರು ಕಾಣುತ್ತದೆ. ರೈಲು ಬಂದಾಗ ಸರಿದು ನಿಲ್ಲಲು ಅಲ್ಲಲ್ಲಿ ಸಣ್ಣ ಕಟ್ಟೆಗಳಿವೆ. ನಮ್ಮ ಗುಂಪಿನಲ್ಲಿ ಕುಳಗೇರಿ ಕ್ರಾಸಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಚನ್ನಪ್ಪ ಎಂಬವನಿದ್ದ. ಬಸ್ಸಿಡೀ ಹಲ್ಲು ಕಿರಿಯುತ್ತ ಬಂದಿದ್ದ ಆತ ಸೇತುವೆಯ ಮೇಲೆ ಹೆಂಗಸರು ಗಂಡಸರನ್ನು ಒಬ್ಬರ ಹಿಂದೊಬ್ಬರು ಹೆಗಲು ಹಿಡಿಸಿ ನಿಲ್ಲಿಸಿ, "ಕೂ..." ಎಂದು ಸೀಟಿ ಹಾಕುತ್ತ ರೈಲಾಟ ಆಡಿಸಿದ. ಒಂದೊಂದು ಹಲಗೆಯ ಕೆಳಗೂ ಒಬ್ಬನ ಜೀವ ಹೋಗಿರಬೇಕು ಎಂದುಕೊಂಡು ನಾನು ಮುಖ ಆ ಕಡೆ ಮಾಡಿದೆ.

ನಿಜವಾದ ರೈಲು ನಿಧಾನವಾಗಿ ಸೇತುವೆಗೆ ಬಂತು. ಎಲ್ಲರೂ ಕಟ್ಟೆಗಳಿಗೆ ನುಗ್ಗಿದರು. ಚನ್ನಪ್ಪ ಮೊಬೈಲಿನ ಕೋಲು ಎತ್ತಿ ಹಿಡಿದು, "ಬರ್ರಿ ಆಯಿ, ಇಬ್ರೂ ಒಂದ ಸೆಲ್ಫಿ" ಎನ್ನುತ್ತ ಅತ್ತೆಯ ಹೆಗಲ ಮೇಲೆ ಕೈ ಹಾಕಿದ. ಅವನ ದಪ್ಪ ಗಡಿಯಾರದ ಪಟ್ಟಿಗೆ ಅತ್ತೆಯ ಕೊರಳಿನ ದಾರ ಸಿಕ್ಕಿಕೊಂಡಿತು. ಆತ ಕೈ ಎಳೆದ. ದಾರ ಹರಿದು, ಬಿಳಿ ಗಂಟು ಹಲಗೆಯ ಮೇಲೆ ಒಮ್ಮೆ ಪುಟಿದು ಸಂದಿನಿಂದ ಕೆಳಗೆ ಹೋಯಿತು. ಅತ್ತೆ ಎರಡೂ ಕೈಯಲ್ಲಿ ಬರಿಯ ಎದೆಯನ್ನು ಮುಟ್ಟಿಕೊಂಡಳು. ಆ ಮುಖವನ್ನು ನಾನು ನನ್ನ ಮಾವ ಸತ್ತ ದಿನವೂ ನೋಡಿರಲಿಲ್ಲ.

"ಹೋಗ್ಲಿ ಬಿಡ್ರಿ ಆಯಿ, ಊರಿಗೆ ಹೋದ ಮ್ಯಾಲ ಹೊಸಾದ ಮಾಡಸೂಣು" ಎಂದ ಚನ್ನಪ್ಪ. ರೈಲು ದಾಟುವುದನ್ನು ಅವನ ಮೊಬೈಲು ಇನ್ನೂ ಚಿತ್ರಿಸಿಕೊಳ್ಳುತ್ತಲೇ ಇತ್ತು.

ಲಿಂಗ ಮೈಯಿಂದ ದೂರವಾದರೆ ಅದು ಸಿಗುವವರೆಗೆ, ಇಲ್ಲವೇ ಗುರುವಿನ ಕೈಯಿಂದ ಬೇರೆ ಲಿಂಗ ಪಡೆಯುವವರೆಗೆ ನೀರು ಕೂಡ ಮುಟ್ಟಬಾರದೆಂಬುದು ಅತ್ತೆ ನಡೆಸಿಕೊಂಡು ಬಂದ ನೇಮ. ಈಗಿನ ಕಾಲದಲ್ಲಿ ಇಷ್ಟು ಬಿಗಿಯಾಗಿ ಹಿಡಿಯುವವರು ಕಡಿಮೆ. ಅತ್ತೆ ಹಿಡಿಯುತ್ತಿದ್ದಳು. ನಾವು ಊರು ಸೇರಲು ಇನ್ನೂ ಕೆಲವು ದಿನಗಳಿದ್ದವು. ಹೊಟ್ಟೆ ಖಾಲಿ, ಮೈಯೊಳಗೆ ಇನ್ಸುಲಿನ್ ಹೋಗಿಯಾಗಿತ್ತು. ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ಎಚ್ಚರ ತಪ್ಪುತ್ತದೆ, ಹಾಗೇ ಬಿಟ್ಟರೆ ಜೀವ ಹೋಗುತ್ತದೆ. ಇದಕ್ಕೆ ದಿನಗಳು ಬೇಡ.

ಸೇತುವೆ ಇಳಿಸಿ, ದಂಡೆಯ ಮೇಲೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಅವಳನ್ನು ನದಿಯ ಕಡೆ ಮುಖ ಮಾಡಿ ಕೂರಿಸಿದೆ. ಎಡಗೈಯನ್ನು ಪೂಜೆಗೆ ಹಿಡಿದ ಹಾಗೆ ತೊಡೆಯ ಮೇಲೆ ತೆರೆದಿಟ್ಟುಕೊಂಡಳು. ಅಂಗೈ ಖಾಲಿಯಿತ್ತು. ನಾನು ಅವಳ ಮುಂದೆ ಮೊಣಕಾಲೂರಿ, ಹೋಟೆಲಿನಿಂದ ತರಿಸಿದ ಸಕ್ಕರೆ ನೀರಿನ ಲೋಟ ಹಿಡಿದು, ಬೇಡಿಕೊಂಡೆ, ಬೈದೆ, ವಿಜ್ಞಾನ ಹೇಳಿದೆ.

"ತಮ್ಮಾ, ಸುಮ್ಮ ಕೂಡು" ಎಂದಳು. "ಕೊಳ್ಳಾಗ ಲಿಂಗ ಇಲ್ದ ನಾ ಎಂದಾರ ನೀರ ಕುಡದದ್ದು ನೋಡೀಯೇನು? ನೀ ಸಣ್ಣಾಂವ ಇದ್ದಾಗಿಂದ ನನ್ನ ಮನಿಯಾಗ ಬೆಳದಾಂವ."

"ಸತ್ತ ಹೋಗ್ತೀ ಅತ್ತಿ."

"ಹೋದ್ರ ಹೋಗ್ತೇನಿ. ಇಲ್ಲೆ ಭಾಳ ಮಂದಿ ಹೋಗ್ಯಾರಂತ ನೀನ ಹೇಳಿದೆಲ್ಲೋ."

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಎದುರಿನ ಹರಳಿನ ಅಂಗಡಿ ತೋರಿಸಿದ. "ಸರ್, ಒಂದ ಕರೀ ಕಲ್ಲ ತಂದ ಅರಿವ್ಯಾಗ ಕಟ್ಟಿ ಕೊಟ್ಟಬಿಡ್ರಿ. ಹೊಳ್ಯಾಗ ಸಿಕ್ತು ಅನ್ರಿ. ಆಯಿಗೆ ಏನ ಗೊತ್ತಾಕ್ಕೈತಿ?" ಎಂದ. ಅವನ ಬಾಯಲ್ಲಿ ಎಲೆ ಅಡಿಕೆಯಿತ್ತು. ಕೆನ್ನೆಗೆ ಬಾರಿಸಬೇಕೆನಿಸಿತು, ತಡೆದುಕೊಂಡು, ಮೊದಲು ಆಂಬುಲೆನ್ಸ್ ಕರೆಸು ಎಂದೆ. ಆತ ಗೈಡನ ಕಡೆಯಿಂದ ಫೋನು ಮಾಡಿಸಿದ. ಉಳಿದವರು ಸ್ವಲ್ಪ ಹೊತ್ತು ನಿಂತು ಲೊಚಗುಟ್ಟಿ, ಊಟ ತಣ್ಣಗಾಗುತ್ತದೆಂದು ಒಬ್ಬೊಬ್ಬರಾಗಿ ಜಾರಿದರು. ಚನ್ನಪ್ಪ ಎಲ್ಲರಿಗಿಂತ ಮುಂದಿದ್ದ. ಬೆಂಚಿನ ಹತ್ತಿರ ಉಳಿದವರು ಅತ್ತೆ, ನಾನು, ಮ್ಯಾನೇಜರ್ ಮೂವರೇ.

ಅತ್ತೆ ಬೆವರತೊಡಗಿದಳು. ಕೈ ನಡುಗುತ್ತಿತ್ತು. ಮಾತು ತೊದಲಿತು. ನಾನು ಬಲವಂತವಾಗಿ ಲೋಟವನ್ನು ತುಟಿಗೆ ಒತ್ತಿದೆ. ಹಲ್ಲು ಕಚ್ಚಿ ಹಿಡಿದಳು, ಸಕ್ಕರೆ ನೀರು ಗದ್ದದಿಂದ ಸೆರಗಿಗೆ ಇಳಿಯಿತು. ಆದರೆ ಕಣ್ಣು ಮುಚ್ಚಿರಲಿಲ್ಲ. ನನ್ನ ಹೆಗಲಿನ ಮೇಲಿಂದ ನದಿಯನ್ನೇ ನೋಡುತ್ತಿದ್ದಳು. ನನ್ನ ಬೆನ್ನು ನದಿಗಿತ್ತು ಎಂಬುದನ್ನು ನೀವು ನೆನಪಿಡಬೇಕು.

ಆಗ ಆ ನಾತ ಬಂತು. ಸತ್ತ ನಾಯಿಯದ್ದಲ್ಲ, ಚರಂಡಿಯದ್ದಲ್ಲ. ಜೀವಂತ ಮನುಷ್ಯನ ಮಾಂಸ ಕೊಳೆತ ನಾತ. ಚಿಕ್ಕವನಿದ್ದಾಗ ಇಳಕಲ್ಲಿನ ದವಾಖಾನೆಯಲ್ಲಿ ಕಾಲು ಕೊಳೆತ ಒಬ್ಬನ ಪಕ್ಕ ಕೂತಿದ್ದೆ, ಅದೇ ನಾತ. ಮ್ಯಾನೇಜರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಏನ ಸತ್ತೈತ್ರಿ ಇಲ್ಲೆ?" ಎಂದ. ನಾನು ಪಕ್ಕಕ್ಕೆ ತಿರುಗಿದಾಗ ನನ್ನ ಮಗ್ಗುಲಿಗೆ ಒಂದು ಕಾಲು ಕಂಡಿತು.

ಮೊಣಕಾಲಿನಿಂದ ಪಾದದ ಗಂಟಿನವರೆಗೆ ಹುಣ್ಣು. ನಡುವೆ ಬೆಳ್ಳಗೆ ಮೂಳೆ ಕಾಣುತ್ತಿತ್ತು. ನೀರು ತೊಟ್ಟಿಕ್ಕುತ್ತಿತ್ತು. ತಲೆ ಎತ್ತಿ ನೋಡಿದೆ. ಸೊಂಟಕ್ಕೊಂದು ಚಿಂದಿ ಬಿಟ್ಟರೆ ಮೈಮೇಲೆ ಏನೂ ಇರಲಿಲ್ಲ. ಕಪ್ಪು ಮೈ, ಎಣಿಸಬಹುದಾದ ಪಕ್ಕೆಲುಬು, ಒಳಗೆ ಹೋದ ಕಣ್ಣು. ವಯಸ್ಸು ಹೇಳಲಾಗುತ್ತಿರಲಿಲ್ಲ. ನಮ್ಮ ಕಡೆಯ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲೂ ಇಷ್ಟು ಬತ್ತಿದ ಮನುಷ್ಯನನ್ನು ನಾನು ಕಂಡಿಲ್ಲ. ಆತ ಬಾಗಿ, ಅತ್ತೆಯ ತೆರೆದ ಅಂಗೈಯಲ್ಲಿ ಏನನ್ನೋ ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದ. ನಂತರ ಕುಂಟುತ್ತ ದಂಡೆಯ ಕಡೆ ಹೋದ.

ನಾನು ಅವನ ಹಿಂದೆ ನೋಡಲಿಲ್ಲ. ನೋಡಬೇಕಿತ್ತು. ಆದರೆ ಅತ್ತೆಯ ಮುಷ್ಟಿಯನ್ನು ನೋಡದೆ ಬೇರೇನನ್ನು ನೋಡುವ ಸ್ಥಿತಿಯಲ್ಲಿ ಆಗ ಯಾರಿರುತ್ತಾರೆ? ಬೆರಳು ಬಿಡಿಸಿದೆ. ಕೆಸರು ಮೆತ್ತಿದ ಬಿಳಿ ಬಟ್ಟೆಯ ಗಂಟು. ಒಳಗೆ ಅವಳ ಲಿಂಗ. ಹರಿದ ದಾರದ ಎರಡು ತುದಿಗಳನ್ನು ಬಿದಿರಿನ ತೆಳುವಾದ ಸೀಳೊಂದರಿಂದ ಬಿಗಿದು ಜೋಡಿಸಲಾಗಿತ್ತು. ಆ ಸೀಳು ಹಸಿಯಾಗಿತ್ತು. ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ನೀರಲ್ಲಿ ತೊಳೆಸಿ, ನಡುಗುವ ಕೈಯಿಂದಲೇ ಕೊರಳಿಗೆ ಹಾಕಿಕೊಂಡಳು. ಆಮೇಲೆ ಲೋಟಕ್ಕೆ ತಾನಾಗಿ ಕೈ ಚಾಚಿದಳು. ಸಕ್ಕರೆ ನೀರು ಇಳಿದ ಹಾಗೆ ಅವಳ ಮುಖಕ್ಕೆ ಜೀವ ಮರಳಿತು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

"ಆಯಿ ಸೀರಿ ಮಡಿಕಿಯಾಗ ಸಿಕ್ಕೊಂಡಿತ್ತೇನ್ರಿ ಸರ್?" ಎಂದ ಮ್ಯಾನೇಜರ್.

"ಆ ಮನುಷ್ಯಾ ತಂದು ಕೊಟ್ಟನಲ್ಲೋ!" ಎಂದೆ.

"ಯಾ ಮನಶ್ಯಾರಿ?"

ಮೂಗು ಮುಚ್ಚಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದವನು ಅವನು. ನಾತ ಬಂದದ್ದು ನಿಜ, ಮನುಷ್ಯನನ್ನು ನೋಡಲಿಲ್ಲ ಎಂದು ಆಣೆ ಮಾಡಿ ಹೇಳಿದ.

ಅತ್ತೆ ತನ್ನ ಕೈಚೀಲದಿಂದ ಬುತ್ತಿ ತೆಗೆದಳು. ಟೂರಿಗೆಂದು ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಉಳಿದದ್ದಷ್ಟೂ ಅದರಲ್ಲಿತ್ತು. ಇಡೀ ಗಂಟನ್ನು ನನ್ನ ಕೈಗಿಟ್ಟು, "ಹೋಗು ತಮ್ಮಾ, ಲಗೂನ ಹೋಗು. ಎಲ್ಲಾ ಕೊಟ್ಟ ಬಾ. ಒಂದೂ ಉಳಸಬ್ಯಾಡ" ಎಂದಳು. ಒಬ್ಬನಿಗೆ ಇಷ್ಟೊಂದು ಯಾಕೆ ಎಂದು ನನಗೆ ಅನಿಸಿತು, ಆದರೆ ಕೇಳುವ ಹೊತ್ತು ಅದಲ್ಲ.

ದಂಡೆಯ ಮೆಟ್ಟಿಲು ಇಳಿದು ಹೋದೆ. ಯಾರೂ ಇರಲಿಲ್ಲ. ಕುಂಟುವವನು ಅಷ್ಟು ಬೇಗ ಎಲ್ಲಿಗೂ ಹೋಗಲು ಸಾಧ್ಯವಿರಲಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ತೇಲುವ ಹೋಟೆಲಿನ ತಡಿಕೆ. ಹೋಟೆಲಿನ ಮಾಣಿಯೊಬ್ಬನಿಗೆ ಕೈಸನ್ನೆಯಲ್ಲಿ ಕೇಳಿದೆ. ಆತ ತಲೆ ಅಲ್ಲಾಡಿಸಿ, ಮೂಗು ಮುಚ್ಚಿಕೊಂಡು ಒಳಗೆ ಹೋದ. ಸೇತುವೆಯ ಕಂಬದ ಬುಡದಲ್ಲಿ ಆ ನಾತ ದಟ್ಟವಾಗಿ ನಿಂತಿತ್ತು. ಅದರ ಜೊತೆ ಮೇಲಿನಿಂದ ಕರಿದ ಎಣ್ಣೆಯ ವಾಸನೆ, ಹಾಡು, ನಮ್ಮ ಚನ್ನಪ್ಪನ "ಇನ್ನಷ್ಟ ಹಾಕ್ರಿ" ಎಂಬ ದನಿ. ನಾನು ಕಂಬ ಹಿಡಿದುಕೊಂಡು ವಾಂತಿ ಮಾಡಿದೆ. ಆ ನಾತಕ್ಕೋ ಈ ದನಿಗೋ, ಯಾವುದಕ್ಕೆ ಹೆಚ್ಚು ಹೇಸಿದೆನೆಂದು ಕೇಳಿದರೆ ನಾನು ದನಿಯ ಕಡೆಯೇ ಕೈ ಮಾಡುತ್ತೇನೆ. ಬುತ್ತಿಯನ್ನು ಕಂಬದ ಕಟ್ಟೆಯ ಮೇಲೆ ಬಿಚ್ಚಿಟ್ಟು ಮೇಲೆ ಬಂದೆ. "ಕೊಟ್ಟೆ" ಎಂದು ಅತ್ತೆಗೆ ಹೇಳಿದೆ.

ಆಂಬುಲೆನ್ಸ್ ಬಂತು. ದವಾಖಾನೆಯಲ್ಲಿ ಅವಳನ್ನು ಸ್ವಲ್ಪ ಹೊತ್ತು ಮಲಗಿಸಿ, ಉಣ್ಣಿಸಿ, ಏನೂ ತೊಂದರೆಯಿಲ್ಲವೆಂದು ಕಳಿಸಿದರು. ಸಂಜೆ ಬಸ್ಸು ಹೊರಟ ಮೇಲೆ ಅತ್ತೆ ನನ್ನ ಕೈ ಹಿಡಿದು, ಮೆಲ್ಲಗೆ, "ಎಲ್ಲಾರಿಗೂ ಮುಟ್ಟಿತ?" ಎಂದು ಕೇಳಿದಳು.

"ಎಲ್ಲಾರಿಗೂ ಅಂದ್ರ? ಅಂವಾ ಒಬ್ನ ಅಲ್ಲೇನು?"

ಅವಳು ನನ್ನ ಮುಖವನ್ನು, ಇಂಥ ದಡ್ಡನನ್ನು ಸಾಕಿದೆನಲ್ಲ ಎಂಬಂತೆ ನೋಡಿದಳು. "ಒಬ್ನ ಎಲ್ಲಿದ್ನೋ? ಹೊಳ್ಯಾಗ ಕುತಿಗಿ ಮಟಾ ನಿಂತಾವ್ರು, ದಂಡ್ಯಾಗ ನಿಂತಾವ್ರು, ಮೆಟ್ಟಲಾ ತುಂಬ ನಿಂತಾವ್ರು. ಗುಂಡಗಲ್ಲ ದಾಟಸ್ತಾರಲ್ಲ, ಹಂಗ ಕೈಯಿಂದ ಕೈಗೆ ದಾಟಿಸಿಕೋತ ತಂದ್ರು. ಬಿಳೇ ಮಂದೀನೂ ಇದ್ರು, ನಮ್ಮಂಥಾ ಕರೇ ಮಂದೀನೂ ಇದ್ರು. ಎಲ್ಲಾರೂ ಬರೇ ಎಲಬು. ಕಡೀಕ ನಿಂತಾಂವ ಕಾಲ ಹುಣ್ಣಿನಾಂವ."

ಸಕ್ಕರೆ ಇಳಿದಾಗ ಇಲ್ಲದ್ದು ಕಾಣುತ್ತದೆ, ಅದನ್ನು ಯಾವ ವೈದ್ಯನಾದರೂ ಹೇಳುತ್ತಾನೆ. ಅತ್ತೆ ಕಂಡ ಆ ಮಂದಿಯ ಸಾಲಿಗೆ ನನ್ನ ವಿವರಣೆ ಅಷ್ಟೇ. ಆದರೆ ನನ್ನ ಸಕ್ಕರೆ ಇಳಿದಿರಲಿಲ್ಲ. ನಾನು ಕಂಡವನು ನದಿಯಲ್ಲಿ ಮುಳುಗಿ ಬದುಕುವ ಯಾರೋ ಬಡವ ಎಂದುಕೊಳ್ಳೋಣ. ಹಾಗಿದ್ದರೆ ಮಗ್ಗುಲಲ್ಲೇ ಇದ್ದ ಮ್ಯಾನೇಜರಿಗೆ ಯಾಕೆ ಕಾಣಲಿಲ್ಲ? ಕಲ್ಲು ಕಟ್ಟಿದ ಸಣ್ಣ ಗಂಟು ಆ ಕಂದು ನೀರಿನ ತಳದಲ್ಲಿ ಅವನಿಗೆ ಹೇಗೆ ಸಿಕ್ಕಿತು? ದುಡ್ಡು ಕೇಳದೆ ಹೋದದ್ದು ಯಾಕೆ? ಒಂದೊಂದಕ್ಕೂ ಒಂದೊಂದು ಉತ್ತರ ಹೊಂದಿಸಬಲ್ಲೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನಿಲ್ಲುವುದಿಲ್ಲ.

ಊರಿಗೆ ಬಂದ ಮೇಲೆ ಮನೆಗೆ ಬಂದ ಜಂಗಮರು ಹೊಸ ದಾರ ಹಾಕಿಸಿದರು, ಆ ಬಿದಿರಿನ ಸೀಳು ಎಲ್ಲೋ ಕಸದಲ್ಲಿ ಹೋಯಿತು. ಟೂರಿನವರೆಲ್ಲ ಊರ ತುಂಬ ಹೇಳಿಕೊಂಡು ತಿರುಗಿದರು. ಇಳಕಲ್ಲಿನಲ್ಲಿ ಈಗ ಇದು ನೀಲವ್ವನ ಭಕ್ತಿಯ ಪವಾಡ. ಹೊಳೆಯೇ ಉಕ್ಕಿ ಬಂದು ಲಿಂಗವನ್ನು ಅವಳ ಅಂಗೈಗೆ ಇಟ್ಟಿತಂತೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವನು ಚನ್ನಪ್ಪ, ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾನೆ. ಅತ್ತೆಯ ಕಾಲಿಗೆ ಬೀಳಲು ಹುನಗುಂದ, ಕಮತಗಿಯಿಂದೆಲ್ಲ ಜನ ಬಂದರು. ಅವರ ಹೂವು ಹಣ್ಣು ನೋಡಿದರೆ ನನಗೆ ಸೇತುವೆಯ ಬುಡದ ವಾಕರಿಕೆಯೇ ಮರಳಿ ಬರುತ್ತದೆ. ಆ ಎಲುಬಿನ ಮಂದಿ ಅಲ್ಲಿ ಗೈಡನ ಬಾಯಲ್ಲೂ ಇರಲಿಲ್ಲ, ಇಲ್ಲಿಯ ಪವಾಡದಲ್ಲೂ ಇಲ್ಲ. ಅತ್ತೆಯೂ ಕಾಲು ಹಿಂದಕ್ಕೆಳೆದುಕೊಂಡು, "ನನ್ನ ಕಾಲ ಯಾಕ ಹಿಡೀತೀರಿ, ನಾ ಏನ ಮಾಡೇನಿ?" ಎಂದು ಎಲ್ಲರನ್ನೂ ಬೈದು ಕಳಿಸಿದಳು.

ಅವಳು ಈಗ ಬಹಳ ಹಣ್ಣಾಗಿದ್ದಾಳೆ. ಅನೇಕ ಸಂಗತಿಗಳು ನೆನಪಿಲ್ಲ, ಅಂಗಡಿ ಮಾರಿದ್ದೂ ಕೆಲವೊಮ್ಮೆ ಮರೆಯುತ್ತಾಳೆ. ನಾನು ಹೋದಾಗ ಮಾತ್ರ, ತಾಟಿನ ಮುಂದೆ ಕೂತು, ರೊಟ್ಟಿಗೆ ಕೈ ಹಚ್ಚುವ ಮೊದಲು ಒಂದು ಮಾತು ಕೇಳುತ್ತಾಳೆ.

"ಸಾಲು ಭಾಳ ಉದ್ದ ಇತ್ತು ತಮ್ಮಾ. ನೀರಾಗ ನಿಂತಾವ್ರಿಗೂ ಮುಟ್ಟಿತ?"

"ಮುಟ್ಟಿತು ಅತ್ತಿ. ನೀ ಉಣ್ಣು" ಎನ್ನುತ್ತೇನೆ. ಹಾಗೆ ಹೇಳದಿದ್ದರೆ ಅವಳು ಉಣ್ಣುವುದಿಲ್ಲ. ನಾನು ಇಂದಿಗೂ ಇಂಥದ್ದನ್ನು ನಂಬುವವನಲ್ಲ. ಆದರೂ "ಯಾವ ಸಾಲು?" ಎಂದು ತಿರುಗಿ ಕೇಳಲು ಒಂದು ಸಲವೂ ನನಗೆ ಬಾಯಿ ಬಂದಿಲ್ಲ.